ಆಟದ ವೇಗವೂ ಅಳತೆಯ ಶಿಸ್ತೂ

ಗಣಕದಲ್ಲಿ ಆಟವು ತಡವರಿಸಿದೊಡನೆ ಹೊಸ ಗ್ರಾಫಿಕ್ಸ್ ಕಾರ್ಡಿಗಾಗಿ ಹಣ ಹೊಂದಿಸತೊಡಗುವ ವಿದ್ಯಾರ್ಥಿಗಳುಂಟು. ಯಂತ್ರದ ಮೇಲೆ ದೋಷ ಹೊರಿಸುವ ಮುನ್ನ ಅದನ್ನು ಆಳುವ ಆಪರೇಟಿಂಗ್ ಸಿಸ್ಟಮ್ಮನ್ನು ಪರೀಕ್ಷಿಸುವುದು ವಿವೇಕ.

ಸೆಕೆಂಡಿಗೆ 60 ಚಿತ್ರಗಳು ಮೂಡಬೇಕಾದರೆ ಒಂದೊಂದಕ್ಕೂ ದೊರೆಯುವ ಅವಧಿ ಸುಮಾರು 16.7 ಮಿಲಿಸೆಕೆಂಡು ಮಾತ್ರ. ಪ್ರೊಸೆಸರಿನ ಕಾಲವನ್ನು ಆಟಕ್ಕೂ ಹಿನ್ನೆಲೆಯ ಕಾರ್ಯಗಳಿಗೂ ಹಂಚುವುದು ಈ ವ್ಯವಸ್ಥೆಯೇ. ಹಂಚಿಕೆಯಲ್ಲಿ ವಿಳಂಬವಾದರೆ ಚಿತ್ರವು ಸಕಾಲಕ್ಕೆ ಸಿದ್ಧವಾಗದೆ ಹೋಗಬಹುದು. ಸರಾಸರಿಯು ಈ ದೋಷವನ್ನು ಮರೆಮಾಡುತ್ತದೆ: 59 ಚಿತ್ರಗಳು ತಲಾ 10 ಮಿಲಿಸೆಕೆಂಡಿನಲ್ಲಿ ಮೂಡಿ, ಅರುವತ್ತನೆಯದು 410 ಮಿಲಿಸೆಕೆಂಡು ತೆಗೆದುಕೊಂಡರೂ ಸರಾಸರಿ 60 ಆಗಿಯೇ ಉಳಿಯುವುದು!

ವಾಲ್ವ್ ಸಂಸ್ಥೆಯು 2018ರಲ್ಲಿ ಹೊರತಂದ ಪ್ರೋಟಾನ್, ವಿಂಡೋಸಿಗಾಗಿ ರಚಿತವಾದ ಆಟಗಳನ್ನು ಲಿನಕ್ಸಿನಲ್ಲಿ ನಡೆಸುತ್ತದೆ. ಗ್ರಾಫಿಕ್ಸ್ ಆದೇಶಗಳನ್ನು ಅನುವಾದಿಸುವ ಹೊರೆಯಿದ್ದರೂ ಕೆಲವು ಆಟಗಳು ಅಲ್ಲಿಯೇ ಹೆಚ್ಚು ವೇಗವಾಗಿ ಸಾಗುತ್ತವೆ, ಕೆಲವು ನಿಧಾನಿಸುತ್ತವೆ, ಮೋಸತಡೆ ತಂತ್ರಾಂಶದ ಕಾರಣ ಕೆಲವು ನಡೆಯುವುದೇ ಇಲ್ಲ. ಆದುದರಿಂದ ಇಂಥದೇ ಶ್ರೇಷ್ಠವೆಂಬ ಸಾರ್ವತ್ರಿಕ ತೀರ್ಪು ಸಲ್ಲದು.

ಒಂದೇ ಯಂತ್ರ, ಒಂದೇ ಆಟ, ಒಂದೇ ದೃಶ್ಯವಿರಲಿ. ಒಂದು ಬಾರಿಗೆ ಒಂದೇ ಅಂಶವನ್ನು ಬದಲಿಸಿ, ಪ್ರತಿ ಚಿತ್ರದ ಅವಧಿಯನ್ನು ಹಲವು ಸಲ ಅಳೆಯಿರಿ. ಪ್ರಯೋಗಶಾಲೆಯ ಲೋಲಕಕ್ಕೆ ಸಲ್ಲುವ ನಿಯಮವು ಮನೆಯ ಗಣಕಕ್ಕೂ ಸಲ್ಲುತ್ತದೆ. ತಂದೆತಾಯಿಗಳ ಹಣ ವ್ಯಯವಾಗುವುದಾದರೆ ಈ ಅಳತೆಯ ಬಳಿಕವೇ ಆಗಲಿ.