ಭಾರತದಲ್ಲಿ ನಕಲಿ ಪೈಲಟ್ ಪರವಾನಗಿ ಪ್ರಕರಣಗಳು

ಸುಳ್ಳು ಅಂಕಪಟ್ಟಿ, ಹಾರಾಟದ ಗಂಟೆಗಳ ಸುಳ್ಳು ದಾಖಲೆ ಮುಂತಾದವುಗಳ ಆಧಾರದ ಮೇಲೆ ಪಡೆದ ವಿಮಾನ ಚಾಲನಾ ಪರವಾನಗಿಯನ್ನು ನಕಲಿ ಪೈಲಟ್ ಪರವಾನಗಿ ಎನ್ನಲಾಗುತ್ತದೆ. ಭಾರತದಲ್ಲಿ ಇಂತಹ ಪ್ರಕರಣಗಳು 2011ರಲ್ಲಿ ಸರಣಿಯಾಗಿ ಬೆಳಕಿಗೆ ಬಂದವು.

ಪರವಾನಗಿ ವ್ಯವಸ್ಥೆ

ದೇಶದಲ್ಲಿ ಪೈಲಟ್ ಪರವಾನಗಿ ನೀಡುವ ಅಧಿಕಾರ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯಕ್ಕೆ (ಡಿಜಿಸಿಎ) ಸೇರಿದೆ. ವಾಣಿಜ್ಯ ಪೈಲಟ್ ಪರವಾನಗಿಗೆ (ಸಿಪಿಎಲ್) ಕನಿಷ್ಠ 18 ವರ್ಷ ವಯಸ್ಸು ಹಾಗೂ 200 ಗಂಟೆಗಳ ಹಾರಾಟ ಅಗತ್ಯ. ಪ್ರಯಾಣಿಕ ವಿಮಾನದ ಕಮಾಂಡರ್ ಆಗಲು ಬೇಕಾದ ಎಟಿಪಿಎಲ್ ಪರವಾನಗಿಗೆ 1,500 ಗಂಟೆಗಳ ಅನುಭವ ಬೇಕು. ಇವುಗಳ ಜೊತೆಗೆ ಲಿಖಿತ ಪರೀಕ್ಷೆ ಮತ್ತು ವೈದ್ಯಕೀಯ ತಪಾಸಣೆಗಳೂ ಇವೆ.

2011ರ ಪ್ರಕರಣ

2011ರ ಜನವರಿಯಲ್ಲಿ ಇಂಡಿಗೋ ಸಂಸ್ಥೆಯ ವಿಮಾನವೊಂದು ಗೋವಾದಲ್ಲಿ ಇಳಿಯುವಾಗ ಅದರ ಮುಂಭಾಗದ ಚಕ್ರ ಮೊದಲು ನೆಲಕ್ಕೆ ತಾಗಿತು. ಅನಂತರದ ವಿಚಾರಣೆಯಲ್ಲಿ, ವಿಮಾನದ ಪೈಲಟ್ ಎಟಿಪಿಎಲ್ ಪಡೆಯಲು ನಕಲಿ ಅಂಕಪಟ್ಟಿ ಸಲ್ಲಿಸಿದ್ದರೆಂಬ ಆರೋಪ ಹೊರಬಂದಿತು. ಇದರ ಬೆನ್ನಲ್ಲೇ ಡಿಜಿಸಿಎ ಸುಮಾರು 4,000 ಪೈಲಟ್‌ಗಳ ದಾಖಲೆಗಳ ಮರುಪರಿಶೀಲನೆ ಕೈಗೊಂಡಿತು. ಹಲವು ಪೈಲಟ್‌ಗಳ ಜೊತೆಗೆ ಡಿಜಿಸಿಎಯ ಅಧಿಕಾರಿಯೊಬ್ಬರನ್ನೂ ಪೊಲೀಸರು ಬಂಧಿಸಿದರು. ಇದೇ ಅವಧಿಯಲ್ಲಿ ರಾಜಸ್ಥಾನದ ಭ್ರಷ್ಟಾಚಾರ ನಿಗ್ರಹ ದಳವು ಜೈಪುರದ ಹಾರಾಟ ಶಾಲೆಯಲ್ಲಿ ಹಾರದ ಗಂಟೆಗಳನ್ನು ಹಾರಿದಂತೆ ದಾಖಲಿಸಿದ ಪ್ರಕರಣದ ತನಿಖೆ ನಡೆಸಿತು.

ಈ ಎರಡು ಪ್ರಕರಣಗಳ ಸ್ವರೂಪ ಬೇರೆ ಬೇರೆ. ನಕಲಿ ಅಂಕಪಟ್ಟಿಯು ಪೈಲಟ್‌ನ ಜ್ಞಾನದ ಬಗ್ಗೆ ಸುಳ್ಳು ಹೇಳಿದರೆ, ಸುಳ್ಳು ಲಾಗ್‌ಪುಸ್ತಕವು ಅನುಭವದ ಬಗ್ಗೆ ಸುಳ್ಳು ಹೇಳುತ್ತದೆ. ಅಭ್ಯರ್ಥಿ ತಂದ ಕಾಗದವನ್ನು ಅದರ ಮೂಲ ದಾಖಲೆಯೊಂದಿಗೆ ತಾಳೆ ನೋಡದಿರುವುದು ಎರಡಕ್ಕೂ ಅವಕಾಶ ಕಲ್ಪಿಸಿತು.

ಪಾಕಿಸ್ತಾನದ ಪ್ರಕರಣ

2020ರ ಜೂನ್‌ನಲ್ಲಿ ಪಾಕಿಸ್ತಾನದ ವಿಮಾನಯಾನ ಸಚಿವರು ದೇಶದ 860 ಪೈಲಟ್‌ಗಳಲ್ಲಿ 262 ಮಂದಿಯ ಪರವಾನಗಿ ಸಂಶಯಾಸ್ಪದವೆಂದು ಸಂಸತ್ತಿನಲ್ಲಿ ತಿಳಿಸಿದರು. ಅವರಲ್ಲಿ ಹಲವರ ಪರವಾನಗಿಗಳು ನೈಜವೆಂದು ಬಳಿಕ ದೃಢಪಟ್ಟರೂ, ಅಷ್ಟರಲ್ಲಿ ಐರೋಪ್ಯ ಒಕ್ಕೂಟವು ಆ ದೇಶದ ರಾಷ್ಟ್ರೀಯ ವಿಮಾನಸಂಸ್ಥೆಯ ಹಾರಾಟಕ್ಕೆ ತಡೆ ಹಾಕಿತ್ತು. ಈ ತಡೆ 2024ರ ನವೆಂಬರ್‌ನಲ್ಲಿ ತೆರವಾಯಿತು. ಪರಿಶೀಲನೆಯ ಲೋಪಕ್ಕೆ ಪ್ರಾಮಾಣಿಕ ಪೈಲಟ್‌ಗಳೂ ಬೆಲೆ ತೆರಬೇಕಾಗುತ್ತದೆ ಎಂಬುದಕ್ಕೆ ಇದು ಉದಾಹರಣೆ.

ಪರವಾನಗಿ ಮತ್ತು ಸುರಕ್ಷತೆ

ನೈಜ ಪರವಾನಗಿಯೊಂದೇ ಸುರಕ್ಷತೆಯ ಖಾತರಿಯಲ್ಲ. 2010ರ ಮೇ 22ರಂದು ಮಂಗಳೂರಿನ ಬಜ್ಪೆಯಲ್ಲಿ 158 ಜನರ ಸಾವಿಗೆ ಕಾರಣವಾದ ದುರಂತದಲ್ಲಿ ಪೈಲಟ್‌ಗಳು ಅಧಿಕೃತ ಪರವಾನಗಿ ಹೊಂದಿದ್ದರು. ಅಸ್ಥಿರವಾಗಿ ಇಳಿಯುತ್ತಿದ್ದ ವಿಮಾನವನ್ನು ಕಮಾಂಡರ್ ಮತ್ತೆ ಮೇಲಕ್ಕೇರಿಸದಿದ್ದುದು ಅಪಘಾತದ ನೇರ ಕಾರಣವೆಂದು ತನಿಖಾ ವರದಿ ಹೇಳಿತು. ನಿಗದಿತ ಅರ್ಹತೆಯಿಲ್ಲದ ಸಿಬ್ಬಂದಿಯಿಂದ ವಿಮಾನ ಹಾರಿಸಿದ್ದಕ್ಕಾಗಿ 2024ರ ಆಗಸ್ಟ್‌ನಲ್ಲಿ ಡಿಜಿಸಿಎ ಏರ್ ಇಂಡಿಯಾಕ್ಕೆ 90 ಲಕ್ಷ ರೂಪಾಯಿ ದಂಡ ವಿಧಿಸಿತು. ಅಲ್ಲಿ ಪರವಾನಗಿ ನಕಲಿಯಾಗಿರಲಿಲ್ಲ. ತರಬೇತಿ ಮುಗಿಸದ ಸಹಪೈಲಟ್‌ನೊಂದಿಗೆ ತರಬೇತುದಾರರಲ್ಲದ ಕ್ಯಾಪ್ಟನ್‌ರನ್ನು ನಿಯೋಜಿಸಲಾಗಿತ್ತು.

ಸುಧಾರಣೆ

2025ರ ಫೆಬ್ರವರಿಯಲ್ಲಿ ಭಾರತವು ಪೈಲಟ್‌ಗಳಿಗೆ ಇಲೆಕ್ಟ್ರಾನಿಕ್ ಪರವಾನಗಿಯನ್ನು ಜಾರಿಗೆ ತಂದಿತು. ಇದರಿಂದ ಪರವಾನಗಿಯ ನೈಜತೆಯನ್ನು ತಕ್ಷಣ ಪರೀಕ್ಷಿಸಬಹುದು. ಆದರೆ ಹಾರಾಟ ಶಾಲೆಯಲ್ಲಿ ದಾಖಲಾಗುವ ಗಂಟೆಗಳೇ ಸುಳ್ಳಾದರೆ ಅದನ್ನು ಪತ್ತೆಹಚ್ಚಲು ಶಾಲೆಗಳ ಲೆಕ್ಕಪರಿಶೋಧನೆಯೇ ಅಗತ್ಯವಾಗುತ್ತದೆ.