ಪಕ್ಕದ ಕೌಂಟಿಯ ಗ್ರ್ಯಾಂಡ್ ಜ್ಯೂರಿ

ಟೆಕ್ಸಾಸಿನ ಜೆಫರ್ಸನ್ ಕೌಂಟಿಯಲ್ಲಿ 2016ರಲ್ಲಿ ಝೀನಾ ಸ್ಟೀಫನ್ಸ್ ಷರೀಫ್ (ಕೌಂಟಿಯ ಪೊಲೀಸ್ ಮುಖ್ಯಸ್ಥೆ) ಆಗಿ ಗೆದ್ದರು. ಆ ರಾಜ್ಯದಲ್ಲಿ ಈ ಹುದ್ದೆಗೆ ಚುನಾಯಿತರಾದ ಮೊದಲ ಕಪ್ಪು ಮಹಿಳೆ ಅವರು. ಆಮೇಲೆ ಅವರ ಚುನಾವಣಾ ಲೆಕ್ಕದ ಮೇಲೆ ಆರೋಪ ಬಂತು. 5,000 ಡಾಲರಿನ ಒಂದು ದೇಣಿಗೆಯನ್ನು 50 ಡಾಲರ್ ಮತ್ತು ಅದಕ್ಕಿಂತ ಕಡಿಮೆಯ ಖಾನೆಯಲ್ಲಿ ತೋರಿಸಿದ್ದಾರೆ, 100 ಡಾಲರ್ ಮೀರಿದ ನಗದು ಪಡೆದಿದ್ದಾರೆ ಎಂಬುದು ದೂರು. ಅಲ್ಲಿನ ಜಿಲ್ಲಾ ಅಟಾರ್ನಿ, ಅಂದರೆ ಜನರೇ ಆರಿಸುವ ಸ್ಥಳೀಯ ಅಭಿಯೋಜಕರು, ಮೊಕದ್ದಮೆ ಹೂಡಲು ಒಪ್ಪಲಿಲ್ಲ. ಕಡತ ರಾಜ್ಯದ ಅಟಾರ್ನಿ ಜನರಲ್ ಕೆನ್ ಪ್ಯಾಕ್ಸ್‌ಟನ್ ಕಚೇರಿಗೆ ಹೋಯಿತು. ಅವರ ವಕೀಲರು ಜೆಫರ್ಸನ್ ಬಿಟ್ಟು ಪಕ್ಕದ ಚೇಂಬರ್ಸ್ ಕೌಂಟಿಯ ಗ್ರ್ಯಾಂಡ್ ಜ್ಯೂರಿಯಿಂದ (ಆರೋಪ ಹೊರಿಸಬೇಕೇ ಎಂದು ತೀರ್ಮಾನಿಸುವ ನಾಗರಿಕರ ಮಂಡಳಿ) 2018ರಲ್ಲಿ ದೋಷಾರೋಪ ಪಡೆದು ಬಂದರು. ಚುನಾವಣಾ ಅಪರಾಧಗಳ ಮಟ್ಟಿಗೆ ಅಟಾರ್ನಿ ಜನರಲ್‌ಗೆ ಹೀಗೆ ಪಕ್ಕದ ಕೌಂಟಿಗೆ ಹೋಗುವ ಅವಕಾಶವನ್ನು ಅಲ್ಲಿನ ಶಾಸನವೇ ಕೊಟ್ಟಿತ್ತು.

ಇದರಲ್ಲಿ ತಪ್ಪೇನು ಎಂದು ಕೇಳುವವರ ವಾದ ಹಗುರವಾದದ್ದಲ್ಲ. ಷರೀಫ್ ಹಿಡಿದು ತರುವ ಕಳ್ಳರ ಮೇಲೆಯೇ ದಿನಾ ಕೇಸು ನಡೆಸುವ ಅಟಾರ್ನಿ ಆ ಷರೀಫರ ಮೇಲೆ ಕೈ ಎತ್ತುತ್ತಾರೆಯೇ? ಟೆಕ್ಸಾಸಿನಲ್ಲಿ 254 ಕೌಂಟಿಗಳಿವೆ. ಹಲವು ಕಡೆ ಎಲ್ಲರೂ ಎಲ್ಲರಿಗೂ ಬೇಕಾದವರು. ಊರಿನ ಗೌಡನ ಮೇಲೆ ಊರಿನವರೇ ಸಾಕ್ಷಿ ಹೇಳಬೇಕಾದ ಸಂಕಟ ನಮಗೂ ಗೊತ್ತಿದ್ದದ್ದೇ. ದೂರದಿಂದ ಬಂದವರಿಗೆ ಆ ದಾಕ್ಷಿಣ್ಯ ಇರುವುದಿಲ್ಲ.

ಆದರೆ 2021ರ ಡಿಸೆಂಬರ್ 15ರಂದು ಟೆಕ್ಸಾಸಿನ ಕ್ರಿಮಿನಲ್ ಮೇಲ್ಮನವಿ ನ್ಯಾಯಾಲಯ ಆ ಶಾಸನವೇ ಅಸಾಂವಿಧಾನಿಕ ಎಂದಿತು. ಎಂಟು ನ್ಯಾಯಾಧೀಶರು ಒಂದು ಕಡೆ, ಒಬ್ಬರು ಇನ್ನೊಂದು ಕಡೆ. ಟೆಕ್ಸಾಸಿನ ಸಂವಿಧಾನ ಅಟಾರ್ನಿ ಜನರಲ್‌ರನ್ನು ಕಾರ್ಯಾಂಗದಲ್ಲಿ ಇಟ್ಟಿದೆ. ಕೌಂಟಿ ಮತ್ತು ಜಿಲ್ಲಾ ಅಟಾರ್ನಿಗಳು ನ್ಯಾಯಾಂಗದ ಅಧ್ಯಾಯದಲ್ಲಿದ್ದಾರೆ. ಒಂದು ಅಂಗದ ಕೆಲಸವನ್ನು ಶಾಸನಸಭೆ ಎತ್ತಿ ಇನ್ನೊಂದಕ್ಕೆ ಕೊಡುವಂತಿಲ್ಲ. ಸ್ಥಳೀಯ ಅಟಾರ್ನಿ ಕರೆದರೆ ಅಟಾರ್ನಿ ಜನರಲ್ ಬರಬಹುದು, ಕರೆಯದೆ ಬರುವಂತಿಲ್ಲ. ಪೀಠದ ಒಂಬತ್ತೂ ಮಂದಿ ಪ್ಯಾಕ್ಸ್‌ಟನ್ ಅವರದೇ ರಿಪಬ್ಲಿಕನ್ ಪಕ್ಷದವರು. ಹಾಗಾಗಿ ಇದನ್ನು ಪಕ್ಷದ ಜಗಳ ಎಂದು ತಳ್ಳಿಹಾಕಲು ಆಗದು.

ತೀರ್ಪು ನಿಂತಿರುವುದು ಸಂವಿಧಾನದ ಅಧ್ಯಾಯಗಳ ಮೇಲೆ. ನನಗೆ ಅದು ಸರಿ ಅನ್ನಿಸುವುದು ಬೇರೆ ಕಾರಣಕ್ಕೆ. ಚುನಾವಣಾ ಕಾನೂನಿನಲ್ಲಿ ತಪ್ಪುಗಳು ಲೆಕ್ಕವಿಲ್ಲದಷ್ಟು, ಹೆಚ್ಚಿನವು ಚಿಕ್ಕವು. ಯಾರದನ್ನು ಹಿಡಿಯಬೇಕು, ಯಾರದನ್ನು ಬಿಡಬೇಕು ಎಂಬ ಆಯ್ಕೆಯಲ್ಲೇ ನಿಜವಾದ ಅಧಿಕಾರ ಇರುವುದು. ಜಿಲ್ಲಾ ಅಟಾರ್ನಿಯ ಮೇಜಿನ ಮೇಲೆ ಕೊಲೆ, ದರೋಡೆ, ಮಾದಕವಸ್ತುವಿನ ಕಡತಗಳೂ ಇರುತ್ತವೆ. ಅವುಗಳ ಪಕ್ಕ ಇಟ್ಟು ತೂಗಿಯೇ ಒಂದು ಲೆಕ್ಕಪತ್ರದ ತಪ್ಪನ್ನು ಎತ್ತಿಕೊಳ್ಳಬೇಕು. ಚುನಾವಣಾ ಅಪರಾಧಕ್ಕೆಂದೇ ರಾಜಧಾನಿಯಲ್ಲಿ ತೆರೆದ ಕಚೇರಿಗೆ ಹೀಗೆ ತೂಗಿ ನೋಡುವ ಅಗತ್ಯವಿಲ್ಲ. ಅಪರಾಧ ಸಿಗದಿದ್ದರೆ ಆ ಕಚೇರಿಗೆ ಕೆಲಸವೇ ಇಲ್ಲ.

ಫ್ಲೋರಿಡಾ 2022ರಲ್ಲಿ ಅಂಥದೊಂದು ಕಚೇರಿ ತೆರೆಯಿತು. ಆಗಸ್ಟ್‌ನಲ್ಲಿ ಗವರ್ನರ್ ರಾನ್ ಡಿಸಾಂಟಿಸ್ 20 ಜನರ ಬಂಧನವನ್ನು ತಾವೇ ಘೋಷಿಸಿದರು. ಹಳೆಯ ಘೋರ ಅಪರಾಧಗಳಿಂದ ಮತದ ಹಕ್ಕು ಕಳೆದುಕೊಂಡಿದ್ದವರು 2020ರಲ್ಲಿ ಮತ ಹಾಕಿದ್ದಾರೆ ಎಂಬುದು ಆರೋಪ. ಅವರಲ್ಲಿ ಹಲವರಿಗೆ ಮತದಾರರ ಚೀಟಿ ಕೊಟ್ಟದ್ದು ಸರ್ಕಾರವೇ! ಒಂದೇ ಕೌಂಟಿಯೊಳಗಿನ ಅಪರಾಧಕ್ಕೆ ರಾಜ್ಯಮಟ್ಟದ ಅಭಿಯೋಜಕರು ಬರುವಂತಿಲ್ಲ ಎಂದು ಕೆಲವು ನ್ಯಾಯಾಧೀಶರು ಕೇಸು ವಜಾ ಮಾಡಿದರು. 2023ರ ಫೆಬ್ರುವರಿಯಲ್ಲಿ ಶಾಸನಸಭೆ ಕಾನೂನನ್ನೇ ತಿದ್ದಿ ಆ ಅಭಿಯೋಜಕರಿಗೆ ದಾರಿ ಮಾಡಿಕೊಟ್ಟಿತು.

ಸ್ಥಳೀಯರೆಂದರೆ ಸಾಧುಗಳು ಎಂದು ನಾನು ಹೇಳುತ್ತಿಲ್ಲ. ಟೆಕ್ಸಾಸಿನದೇ ಟ್ಯಾರಂಟ್ ಕೌಂಟಿಯಲ್ಲಿ, ಜೈಲಿನಿಂದ ಬಿಡುಗಡೆಯಾಗಿ ನಿಗಾದಲ್ಲಿದ್ದ, ಹಾಗಾಗಿ ಮತದ ಹಕ್ಕಿಲ್ಲದ ಮಹಿಳೆಯೊಬ್ಬರು 2016ರಲ್ಲಿ ತಾತ್ಕಾಲಿಕ ಮತಪತ್ರವೊಂದನ್ನು ಹಾಕಿದರು. ಅದು ಎಣಿಕೆಗೇ ಬರಲಿಲ್ಲ. ಆದರೂ ಐದು ವರ್ಷದ ಸಜೆಯಾಯಿತು. ಆ ಮೊಕದ್ದಮೆ ಹೂಡಿದ್ದು ಸ್ಥಳೀಯ ಅಟಾರ್ನಿಯೇ. ಆದರೆ ಆ ಕ್ರೌರ್ಯಕ್ಕೆ ಉತ್ತರ ಹೇಳಬೇಕಾದವರು ಅದೇ ಕೌಂಟಿಯ ಮತದಾರರ ಮುಂದೆ ನಿಲ್ಲಬೇಕು. ರಾಜ್ಯದ ಉದ್ದಗಲಕ್ಕೂ ಮತ ಕೇಳುವವನಿಗೆ ಒಂದು ಕೌಂಟಿಯ ಸಿಟ್ಟು ಲೆಕ್ಕಕ್ಕಿಲ್ಲ.

ನಮ್ಮಲ್ಲಿ ಚುನಾಯಿತ ಅಭಿಯೋಜಕರಿಲ್ಲ. ಚುನಾವಣೆ ನಡೆಸುವುದು ಆಯೋಗ, ತನಿಖೆ ಮಾಡುವುದು ರಾಜ್ಯದ ಪೊಲೀಸರು. ಕಲಬುರಗಿ ಜಿಲ್ಲೆಯ ಆಳಂದದಲ್ಲಿ ಮತದಾರರ ಪಟ್ಟಿಯಿಂದ ಹೆಸರು ತೆಗೆಯಲು ಬಂದ 6,018 ಅರ್ಜಿಗಳಲ್ಲಿ 24 ಮಾತ್ರ ಸಾಚಾ ಎಂದು ತಿಳಿದು, 2023ರ ಫೆಬ್ರುವರಿಯಲ್ಲಿ ಸ್ಥಳೀಯ ಚುನಾವಣಾಧಿಕಾರಿಯೇ ಠಾಣೆಗೆ ದೂರು ಕೊಟ್ಟರು. ಆಮೇಲಿನದು ಗೊತ್ತೇ ಇದೆ. ತನಿಖೆಗಿಳಿದ ಸಿಐಡಿ ಮಾಹಿತಿಗಾಗಿ ಆಯೋಗಕ್ಕೆ ಪತ್ರದ ಮೇಲೆ ಪತ್ರ ಬರೆಯಿತು. ತನ್ನಲ್ಲಿದ್ದುದನ್ನು ಕೊಟ್ಟಾಗಿದೆ ಎಂದಿತು ಆಯೋಗ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ವಿಶೇಷ ತನಿಖಾ ತಂಡ (ಎಸ್‌ಐಟಿ) ರಚಿಸಿತು. ಕೇಸು ಠಾಣೆಯಿಂದ ಮೇಲೇರಿದಂತೆಲ್ಲ ಅದನ್ನು ಮತದಾರ ತನ್ನ ಪಕ್ಷದ ಕನ್ನಡಕದಲ್ಲೇ ನೋಡತೊಡಗಿದ. ಮೊದಲ ದೂರು ಕೊಟ್ಟ ಅಧಿಕಾರಿಯ ಮೇಲೆ ಇದ್ದಷ್ಟು ನಂಬಿಕೆ ಮುಂದಿನ ಯಾವ ಹಂತಕ್ಕೂ ಸಿಗಲಿಲ್ಲ ಎಂಬುದು ನನ್ನ ಅನಿಸಿಕೆ.

ಟೆಕ್ಸಾಸಿನಲ್ಲಿ 2021ರ ಆ ತೀರ್ಪು ಕೊಟ್ಟ ನ್ಯಾಯಾಧೀಶರೂ ಚುನಾವಣೆಗೆ ನಿಲ್ಲಬೇಕಾದವರು. ಪ್ಯಾಕ್ಸ್‌ಟನ್ ತೀರ್ಪನ್ನು ಮರೆಯಲಿಲ್ಲ, ಅವರ ವಿರುದ್ಧ ಪ್ರಚಾರಕ್ಕೆ ಇಳಿದರು. 2024ರ ಮಾರ್ಚ್‌ನ ಪಕ್ಷದ ಪ್ರಾಥಮಿಕ ಚುನಾವಣೆಯಲ್ಲಿ ಆ ಎಂಟು ಮಂದಿಯ ಪೈಕಿ ಕಣದಲ್ಲಿದ್ದ ಬಾರ್ಬರಾ ಹರ್ವಿ, ಮಿಶೆಲ್ ಸ್ಲಾಟರ್ ಮತ್ತು ಮುಖ್ಯ ನ್ಯಾಯಾಧೀಶೆ ಶರೋನ್ ಕೆಲ್ಲರ್, ಮೂವರೂ ಸೋತರು.