ಗೃಹಕಾಯಕ: ಕೌದಿಗೆ ಕಾಣದ ದಾರ



ಉತ್ತರ ಕರ್ನಾಟಕದ ಮನೆಗಳಲ್ಲಿ ಕೌದಿಯು ಬರಿಯ ಹೊದಿಕೆಯಲ್ಲ. ಅವ್ವನ ಇಳಕಲ್ ಸೀರೆ, ಅಪ್ಪನ ಧೋತರ, ಗುಳೇದಗುಡ್ಡದ ಖಣದ ತುಂಡುಗಳು ಅದರಲ್ಲಿ ಒಂದುಗೂಡಿರುತ್ತವೆ. ಸವೆದ ಬಟ್ಟೆಯನ್ನು ಬಿಸಾಡದೆ ಮತ್ತೊಬ್ಬರ ಮೈ ಬೆಚ್ಚಗಿಡುವಂತೆ ಮಾಡುವುದು ಮಿತವ್ಯಯವೂ ಹೌದು, ಕಾಯಕವೂ ಹೌದು. ೧೨ನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆಯವರನ್ನು ಸ್ಮರಿಸುವ ನಮಗೆ ಸೂಜಿ ಹಿಡಿಯುವುದು ಎಂದೂ ಸಣ್ಣ ಕೆಲಸವಲ್ಲ.

ಆದರೆ ತಿಂಗಳುಗಟ್ಟಲೆ ಕುಳಿತು ಕೈಯಿಂದ ಹೊಲಿಯುವ ಬಿಡುವು ಇಂದು ಎಲ್ಲರಿಗೂ ಇಲ್ಲ. ಆದ್ದರಿಂದ ಅನೇಕರು ಹೊಲಿಗೆ ಯಂತ್ರವನ್ನು ಆಶ್ರಯಿಸುತ್ತಾರೆ. ಅಲ್ಲಿ ಬರುವ ತೊಡಕು ದಾರದ ಬಣ್ಣದ್ದು. ಬಿಳಿಯ ದಾರವು ಕಪ್ಪು ತುಂಡಿನ ಮೇಲೆ ಎದ್ದು ಕಾಣುತ್ತದೆ. ತುಂಡು ತುಂಡಿಗೂ ದಾರ ಬದಲಿಸುತ್ತ ಕುಳಿತರೆ ಕೆಲಸ ಸಾಗದು. ಇದಕ್ಕೆ ಪರಿಹಾರವಾಗಿ ಬಂದಿರುವುದು ಪಾರದರ್ಶಕ ದಾರ.

ಹತ್ತಿಯ ದಾರವು ಅನೇಕ ಎಳೆಗಳನ್ನು ಹುರಿಗೊಳಿಸಿ ಮಾಡಿದ್ದು. ಇದಾದರೋ ಹುರಿಯಿಲ್ಲದ ಒಂದೇ ಎಳೆ. ಹೊಲಿಗೆಗೆ ತಕ್ಕದ್ದು ಸುಮಾರು ೦.೧ ಮಿಲಿಮೀಟರ್ ದಪ್ಪವಿರುತ್ತದೆ. ಮಣಿ ಪೋಣಿಸುವ ದಪ್ಪ ನೈಲಾನ್ ದಾರವನ್ನು ಯಂತ್ರಕ್ಕೆ ಹಾಕಬಾರದು. ತಿಳಿ ಬಣ್ಣದ ಬಟ್ಟೆಗಳಿಗೆ ಸ್ವಚ್ಛ ಪಾರದರ್ಶಕ ದಾರವೂ, ಗಾಢ ಬಣ್ಣಗಳಿಗೆ ಹೊಗೆಬಣ್ಣದ್ದೂ ಹೊಂದುತ್ತವೆ. ಇದರಲ್ಲಿ ನೈಲಾನ್ ಮತ್ತು ಪಾಲಿಯೆಸ್ಟರ್ ಎಂದು ಎರಡು ಬಗೆ. ನೈಲಾನ್ ದಾರವು ಬಿಸಿಲಿನಲ್ಲಿ ಕಾಲಕ್ರಮೇಣ ಹಳದಿಗಟ್ಟಿ ಪೆಡಸಾಗುತ್ತದೆ, ಬಿಸಿ ಇಸ್ತ್ರಿಗೂ ಅಳುಕುತ್ತದೆ. ಪಾಲಿಯೆಸ್ಟರ್ ದಾರವು ಕಾವನ್ನು ಹೆಚ್ಚು ತಾಳುತ್ತದೆ, ಹಿಗ್ಗುವುದೂ ಕಡಿಮೆ. ಅಂಗಳದಲ್ಲಿ ಬಿಸಿಲಿಗೆ ಒಣಗಬೇಕಾದ ಕೌದಿಗೆ ಪಾಲಿಯೆಸ್ಟರ್ ಲೇಸೆಂದು ನಮ್ಮ ಅಭಿಪ್ರಾಯ.

ಹೊಲಿಯುವ ಕ್ರಮ ಹೀಗಿದೆ. ಮೊದಲು ಪದರುಗಳನ್ನು ಸುಕ್ಕಿಲ್ಲದೆ ಹಾಸಿ, ಕೈಯಿಂದ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ, ನಡುವಿನಿಂದ ಅಂಚಿನ ಕಡೆಗೆ ಹೊಲಿಯುತ್ತ ಸಾಗಬೇಕು. ಪಾರದರ್ಶಕ ದಾರ ಮೇಲಿರಲಿ; ಬಾಬಿನ್ನಿನಲ್ಲಿ ಅಡಿಯ ಬಟ್ಟೆಯ ಬಣ್ಣದ ತೆಳು ಹತ್ತಿ ದಾರವಿರಲಿ. ೧೧ನೆಯ ನಂಬರಿನ ಸೂಜಿ ಸಾಕು. ಪದರುಗಳು ಹೆಚ್ಚಾಗಿ ಸೂಜಿ ಬಾಗುವುದಾದರೆ ೧೪ಕ್ಕೆ ಹೋಗಬಹುದು. ಈ ದಾರವು ಎಳೆದರೆ ಹಿಗ್ಗುವ ಗುಣವುಳ್ಳದ್ದಾದ್ದರಿಂದ ಮೇಲಿನ ಬಿಗುವನ್ನು ಸಡಿಲಿಸಬೇಕು. ಬಾಬಿನ್ನಿನ ದಾರವು ಮೇಲ್ಭಾಗದಲ್ಲಿ ಚುಕ್ಕೆ ಚುಕ್ಕೆಯಾಗಿ ಕಂಡರೆ ಬಿಗುವು ಇನ್ನೂ ಹೆಚ್ಚಾಗಿದೆಯೆಂದು ತಿಳಿಯಬೇಕು. ಉರುಳೆಯಿಂದ ದಾರ ಜಾರಿ ಸುತ್ತಿಕೊಳ್ಳುವುದುಂಟು. ಅದನ್ನು ಯಂತ್ರದ ಹಿಂದೆ ಒಂದು ಲೋಟದಲ್ಲಿ ನಿಲ್ಲಿಸಿದರೆ ಸರಾಗವಾಗಿ ಬರುತ್ತದೆ. ಅಂಗುಲಕ್ಕೆ ೮ರಿಂದ ೧೦ ಹೊಲಿಗೆ ಬೀಳುವಂತೆ ನಿಧಾನವಾಗಿ ನಡೆಸಿರಿ. ನುಣುಪಾದ ದಾರ ಬಿಚ್ಚಿಕೊಳ್ಳದಿರಲು ಆರಂಭ ಮತ್ತು ಕೊನೆಗಳಲ್ಲಿ ನಾಲ್ಕಾರು ಅತಿ ಸಣ್ಣ ಹೊಲಿಗೆಗಳನ್ನು ಹಾಕಿರಿ. ಹೊಸ ಕೌದಿಗೆ ಕೈಹಾಕುವ ಮುನ್ನ ಅದೇ ಬಟ್ಟೆಯ ಚಿಕ್ಕ ತುಂಡಿನ ಮೇಲೆ ಪರೀಕ್ಷಿಸುವುದು ಅವಶ್ಯ.

ಎರಡು ಕಡೆ ಈ ದಾರ ಸಲ್ಲದು. ಒಂದು, ಕೂಸುಗಳ ಕೌದಿ. ಬಿಚ್ಚಿದ ಎಳೆಯು ಕಣ್ಣಿಗೆ ಕಾಣದೆ ಎಳೆಯ ಬೆರಳಿಗೆ ಸುತ್ತಿಕೊಂಡು ರಕ್ತಸಂಚಾರವನ್ನು ತಡೆಯಬಹುದು. ತೊಟ್ಟಿಲಿಗೆ ಹತ್ತಿಯ ದಾರವೇ ಇರಲಿ. ಇನ್ನೊಂದು, ಅಜ್ಜಿಯ ಕಾಲದ ಜೀರ್ಣವಾದ ಕೌದಿ. ದಾರವು ಬಟ್ಟೆಗಿಂತ ಗಟ್ಟಿಯಾದರೆ ಎಳೆತ ಬಿದ್ದಾಗ ಹರಿಯುವುದು ಬಟ್ಟೆಯೇ. ಅಂಥದನ್ನು ಹತ್ತಿಯ ದಾರದಿಂದ, ಕೈಯಿಂದಲೇ ತೇಪೆ ಹಾಕಿ ಉಳಿಸಿಕೊಳ್ಳಬೇಕು.

ಕಡೆಯದಾಗಿ, ಕೌದಿಯನ್ನು ಮಾರಿ ಸಂಸಾರಕ್ಕೆ ನೆರವಾಗುವ ಸೋದರಿಯರಿಗೆ ಒಂದು ಮಾತು. ಕೈಹೊಲಿಗೆಯ ಕೌದಿಗೆ ಬೆಲೆ ಹೆಚ್ಚು. ಪಾರದರ್ಶಕ ದಾರದಲ್ಲಿ ಯಂತ್ರದ ಗೆರೆ ಅಷ್ಟಾಗಿ ಕಾಣದು. ಅದರ ಮೇಲೆ ಅಲ್ಲಲ್ಲಿ ಬಣ್ಣದ ದಾರದಿಂದ ನಾಲ್ಕು ಕೈಹೊಲಿಗೆ ಹಾಕಿ, ಪೂರ್ತಿ ಕೈಕೆಲಸವೆಂದು ಹೇಳಿಬಿಡುವ ಆಸೆ ಯಾರಿಗಾದರೂ ಬರಬಹುದು. ಕೊಳ್ಳುವವರಿಗೆ ಗೊತ್ತಾಗದಿರಬಹುದು. ಆದರೆ ಶರಣರು ಕಲಿಸಿದ್ದು ಸತ್ಯಶುದ್ಧ ಕಾಯಕವನ್ನು. ದುಡಿಮೆಯಷ್ಟೇ ಅಲ್ಲ, ದುಡಿಮೆಯ ಕುರಿತು ಆಡುವ ಮಾತೂ ಶುದ್ಧವಾಗಿರಬೇಕು. ಬೆರಳು ಸವೆಸಿ ಆರು ತಿಂಗಳು ಹೊಲಿದ ಇನ್ನೊಬ್ಬ ತಾಯಿಯ ಬೆಲೆಯನ್ನು ನಾವು ಕಸಿದಂತಾಗಬಾರದು. "ಇದು ಯಂತ್ರದ ಹೊಲಿಗೆ, ಬೆಲೆ ಇಷ್ಟು" ಎಂದು ಮೊದಲೇ ಹೇಳಿ ಮಾರಿರಿ. ಯಂತ್ರದ ಕೆಲಸಕ್ಕೂ ಅದರದೇ ಮರ್ಯಾದೆಯಿದೆ. ಅದನ್ನು ಮರೆಮಾಚಬೇಕಾದ ಕಾರಣವಿಲ್ಲ.